ತೂತಿರುವ ಮುಚ್ಚಳ

ಪಾಠ ಹೇಳುವುದು ನಾಪೋಕ್ಲಿನಲ್ಲಿ, ಜೀವಶಾಸ್ತ್ರ.
ಬಾಡಿಗೆಗಿರುವುದು ಕಕ್ಕಬ್ಬೆಯಲ್ಲಿ,
ಚೋಂದವ್ವನ ಕಾಫಿ ಕಣದ ಪಕ್ಕದ ಕೋಣೆ.
ಭಾನುವಾರ ಆಕೆ ಜೇನುಪೆಟ್ಟಿಗೆ ತೆರೆದರೆ
ಹೊಗೆ ಹಿಡಿಯುವ ಕೆಲಸ ನನ್ನದು.
ಮೊದಲ ವರ್ಷ ಏಳು ಕಡೆ ಕುಟುಕಿಸಿಕೊಂಡೆ.
ಈಗ ಹಿರಿಯೂರಿನವನ ಬೆವರು ಅವಕ್ಕೆ ರೂಢಿಯಾಗಿದೆ
ಎನ್ನುತ್ತಾಳೆ. ನನಗೆ ಅನುಮಾನ.

ಎರಿಯ ಕೆಳಗಂಚಿನಲ್ಲಿ ಒಂದಿಷ್ಟು ದಪ್ಪ ಕೋಣೆಗಳು,
ಮುಚ್ಚಳದ ನೆತ್ತಿಯಲ್ಲಿ ಸೂಜಿ ಚುಚ್ಚಿದಂಥ ತೂತು.
"ಗಂಡು," ಅಂದಳು. "ರಾಣಿ ಒಬ್ಬಳೇ.
ಇದೆಂತಕ್ಕೆ ಗಂಡು, ಅದೆಂತಕ್ಕೆ ಹೆಣ್ಣು?"
ತಂದೆಯಿಲ್ಲದ ಮೊಟ್ಟೆ ಗಂಡು ಎಂದೆ.
"ಅದು ನನಗೂ ಗೊತ್ತು ಮೇಷ್ಟ್ರೇ.
ತಂದೆ ಇಲ್ಲ ಅಂತ ಮೊಟ್ಟೆಗೆ ಹೇಗೆ ಗೊತ್ತು?"

ಹೊಗೆಗೆ ಕಣ್ಣು ಕಿರಿದು ಮಾಡಿ ಶುರುಮಾಡಿದೆ.
ಜೀವಕೋಶದ ನಡುಮನೆಯಲ್ಲೊಂದು ಬರಹ ಇದೆ ಚೋಂದವ್ವ,
ನಿಮ್ಮ ನೆಲ್ಲಕ್ಕಿಯ ದೀಪದ ಹಾಗೆ, ಹೊಸಿಲು ದಾಟುವುದಿಲ್ಲ.
ಹೊರಗೆ ಹೋಗುವುದು ನಕಲು.
ಬರೆಯುತ್ತಿರುವಾಗಲೇ ನಕಲಿನ ತಲೆಗೊಂದು ಟೋಪಿ,
ಜಿ ಎಂಬ ಅಕ್ಷರ, ಹಿಂದುಮುಂದಾಗಿ ಕೂರಿಸಿದ್ದು.
ಬಾಲಕ್ಕೆ ಎ ಎ ಎ ಎ ಎಂದು ಇನ್ನೂರು ಸಲ,
ರಾತ್ರಿ ಗದ್ದೆಯಲ್ಲಿ ಹಂದಿ ಓಡಿಸುವವನ ಕೂಗು.
ನಡುನಡುವೆ ಉದ್ದುದ್ದ ಬೇಡದ ಮಾತು,
ಜಿಯು ಎಂದು ತೊಡಗಿ ಎಜಿ ಎಂದು ಮುಗಿಯುವಂಥದ್ದು.
ಅದರ ತುದಿಯನ್ನು ಬಗ್ಗಿಸಿ
ಒಳಗಿನ ಒಂದು ಎ-ಗೆ ಗಂಟು ಹಾಕಿ,
ಬೇಲಿಯಲ್ಲಿ ಒಡ್ಡುವ ಉರುಳಿನ ಆಕಾರಕ್ಕೆ ತಂದು
ಕತ್ತರಿಸಿ ಎಸೆಯುತ್ತಾರೆ.
ಉಳಿದ ತುಂಡು ತುಂಡನ್ನು ಕೂಡಿಸುತ್ತಾರೆ.

"ಯಾರು?"
ಸ್ಪ್ಲೈಸೋಸೋಮ್ ಎಂದೆ.
ಜೇನು ಕುಟುಕಿದರೂ ನಗದವಳು ನಕ್ಕಳು.

ಜೇನಿನಲ್ಲಿ ಒಂದು ತುಂಡಿದೆ.
ಅದರೊಳಗೆ 'ನಿಲ್ಲು' ಅಂತ ಬರೆದಿದೆ.
ತಾಯಿಯದೊಂದು ತಂದೆಯದೊಂದು
ಬೇರೆಬೇರೆ ಎರಡು ಕೂಡಿದರೆ ಮಾತ್ರ
ಆ ತುಂಡನ್ನು ಬಿಟ್ಟು ಹೊಲಿಯಲು ಅಪ್ಪಣೆ.
ಬಿಟ್ಟರೆ ವಾಕ್ಯ ಕೊನೆತನಕ ಓಡುತ್ತದೆ, ಹೆಣ್ಣು.
ಬಿಡದಿದ್ದರೆ ಓದುವವನು ಅಲ್ಲಿಗೇ ನಿಲ್ಲುತ್ತಾನೆ.
ಗಂಡು ಅಂದರೆ ಅಷ್ಟೇ ಚೋಂದವ್ವ,
ಅರ್ಧಕ್ಕೆ ನಿಂತ ಮಾತು.

ಆಕೆ ಎರಿಯನ್ನು ಬೆಳಕಿಗೆ ಹಿಡಿದೇ ಇದ್ದಳು.

ಜೇನು ಕೊಳ್ಳಲು ಬಂದವರಿಗೆಲ್ಲ ಆಕೆ ಹೇಳುವ ಕತೆ
ನನಗೆ ಬಾಯಿಪಾಠ:
ಕಾಯಿಲೆ ಬಂತು. ಹುಳ ಚೀಲಚೀಲವಾಗಿ ಸತ್ತವು.
ಮೂವತ್ತೆರಡು ಪೆಟ್ಟಿಗೆ ಖಾಲಿ.
ಮತ್ತೆ ಒಂದರಿಂದ ಶುರುಮಾಡಿದೆ, ಈಗ ಹನ್ನೊಂದು.
ಬಾಟಲಿಗೆ ನಾನೂರು.
ಎಲ್ಲೂ ಎಡವುವುದಿಲ್ಲ, ಎಂದೂ ಒಂದು ಪದ ಹೆಚ್ಚಿಲ್ಲ.

ಅವತ್ತು ಕೊಳ್ಳುವವರು ಯಾರೂ ಇರಲಿಲ್ಲ.
"ಮೂವತ್ತೆರಡು ಖಾಲಿ," ಅಂದಳು, ಎರಿಗೆ ಹೇಳಿದಂತೆ.
"ಕಾಡಿನಲ್ಲಿ ಒಂದು ಕುಟುಂಬ ಉಳಿದಿದೆ,
ಹಿಡಿದು ತರುತ್ತೇನೆ ಅಂತ ನನ್ನ ತಮ್ಮ,
ಮೇದಪ್ಪ, ಮರ ಹತ್ತಿದ."

ಕಣದ ಆಚೆ ಯಾರೋ ಕಾಫಿ ಹರವುತ್ತಿದ್ದ ಸದ್ದು.
ನಾನು ಕಾದೆ.
ಮೇದಪ್ಪ ಮರದ ಮೇಲೆಯೇ ಇದ್ದಾನೆ.

"ಹೊಗೆ ಆರಿತು ನೋಡಿ," ಎಂದಳು.

ಮುಂದಿನ ವಾರ ಮೈಸೂರಿನ ಕಾರೊಂದು ಬಂತು.
ಕಾಯಿಲೆ ಬಂತು, ಮೂವತ್ತೆರಡು ಖಾಲಿ,
ಮತ್ತೆ ಒಂದರಿಂದ.
ಕತೆ ಸರಾಗ ಓಡಿತು, ಬಾಟಲಿ ಎರಡು ಹೋದವು.
ತರಗತಿಯಲ್ಲಿ ನಾನು ಹೇಳುವ ಒಂದು ಸಾಲು ನೆನಪಾಯಿತು,
ಪರೀಕ್ಷೆಗೆ ಬಾರದ್ದು, ಯಾರೂ ಬರೆದುಕೊಳ್ಳದ್ದು:
ಕೂಡಿಸಿದ ಜಾಗದ ಹತ್ತಿರ
ಸಣ್ಣದೊಂದು ಗುರುತು ಉಳಿದಿರುತ್ತದೆ,
ಯಾರಾದರೂ ಮೊದಲ ಸಲ ಓದುವ ತನಕ.
'ಖಾಲಿ'ಗೂ 'ಮತ್ತೆ'ಗೂ ನಡುವೆ
ಚೋಂದವ್ವ ಉಸಿರು ತೆಗೆದುಕೊಂಡಳು.